ಶಿಬಿರದ ನಾಯಕರಿಗೆ ಒಂದು ಪಾಠ: ಹಳೇಬೀಡಿನ ಪಟ್ಟಿಕೆಗಳ ಮುಂದೆ

ಪೌರತ್ವ ತರಬೇತಿ ಶಿಬಿರಕ್ಕೋ ಕ್ಷೇತ್ರ ಭೇಟಿಗೋ ಪ್ರಶಿಕ್ಷಣಾರ್ಥಿಗಳನ್ನು ಕಳುಹಿಸುವಾಗ ತಂಡದ ನಾಯಕರಿಗೆ ನಾವು ಹಾಜರಿ, ಖರ್ಚಿನ ಲೆಕ್ಕ, ವರದಿ ಇವನ್ನು ಹೇಳಿಕೊಡುತ್ತೇವೆ. ಜೊತೆಯವರನ್ನು ನಂಬಿ ಕೆಲಸ ಒಪ್ಪಿಸುವುದನ್ನು ಹೇಳಿಕೊಡುವುದಿಲ್ಲ. ಅದು ತಾನಾಗಿ ಬರುತ್ತದೆ ಎಂದುಕೊಳ್ಳುತ್ತೇವೆ. ಬರುವುದಿಲ್ಲ. ಎರಡನೆಯ ದಿನಕ್ಕೇ ನಾಯಕಿ ತರಕಾರಿ ಚೀಲದಿಂದ ಹಿಡಿದು ಮೈಕಿನ ವೈರಿನವರೆಗೆ ಎಲ್ಲವನ್ನೂ ತಾವೇ ನೋಡುತ್ತಿರುತ್ತಾರೆ. ಗೆಳತಿ ಬರೆದ ಚಾರ್ಟನ್ನು ರಾತ್ರಿ ಕೂತು ಮತ್ತೆ ಬರೆಯುತ್ತಾರೆ. "ಪರವಾಗಿಲ್ಲ ಬಿಡಿ, ನಾನೇ ಮಾಡ್ಕೋತೀನಿ" ಎಂಬ ಮಾತು ಒಳ್ಳೆಯತನದ್ದೇ ಇರಬಹುದು. ಆದರೆ ಅದನ್ನು ಕೇಳಿಸಿಕೊಂಡವರು ಮರುದಿನದಿಂದ ಕೈಕಟ್ಟಿ ಕೂರುತ್ತಾರೆ. ಇದರ ನಷ್ಟ ಕೊನೆಗೆ ತಟ್ಟುವುದು ಮಕ್ಕಳಿಗೆ. ಬಸ್‌ ನಿಲ್ದಾಣದಲ್ಲಿ ತಲೆ ಎಣಿಸಲು ಒಬ್ಬರೇ ಉಳಿದಿರುತ್ತಾರೆ.

ಊರು ಹೊಸದಾದಷ್ಟೂ ಈ ತೊಂದರೆ ಹೆಚ್ಚು. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವರ್ಡೂನ್ ಹತ್ತಿರ, ಯುದ್ಧದಲ್ಲಿ ನಾಶವಾದ ಒಂದು ಹಳ್ಳಿಯನ್ನು ಮತ್ತೆ ಕಟ್ಟಲು ಸ್ವಯಂಸೇವಕರ ಶಿಬಿರ ನಡೆಸಿದರು. ಆ ತಂಡದಲ್ಲಿ ಸ್ವಲ್ಪ ಹಿಂದಷ್ಟೇ ಪರಸ್ಪರ ಹೋರಾಡಿದ್ದ ದೇಶಗಳವರೂ ಇದ್ದರು. 1934ರ ಬಿಹಾರ ಭೂಕಂಪದ ನಂತರ ಅವರು ಭಾರತಕ್ಕೂ ಬಂದು ಕೆಲಸ ಮಾಡಿದರು. ಮೊದಲು ಸ್ನೇಹವಾಗಲಿ, ಆಮೇಲೆ ಕೆಲಸ ಎಂದು ಕಾಯಲು ಅಂಥ ಕಡೆ ಸಮಯವಿರುವುದಿಲ್ಲ. ನಮ್ಮ ಶಿಬಿರಗಳಲ್ಲೂ ಇರುವುದಿಲ್ಲ.

ಅರಸೀಕೆರೆಯ ಸುತ್ತಮುತ್ತ ಬೋಧನಾಭ್ಯಾಸಕ್ಕೆ ಹೋಗುವ ತಂಡಗಳು, ಮಕ್ಕಳನ್ನು ಕರೆದೊಯ್ಯುವ ಮೊದಲು, ತಾವೇ ವಿದ್ಯಾರ್ಥಿಗಳಾಗಿ ಕೂತು ಮಾಡಬಹುದಾದ ಪಾಠವಿದು.

ಪೀಠಿಕೆಯನ್ನು ಅರಸೀಕೆರೆ ಜಂಕ್ಷನ್ನಿನಿಂದ ತೆಗೆದುಕೊಳ್ಳಿ. "ಹುಬ್ಬಳ್ಳಿ ಕಡೆಯಿಂದ ಬಂದ ರೈಲಿನ ಚಾಲಕ ಇಳಿದು ಬಂದು ಮುಂದಿನ ಹಳಿ ಖಾಲಿ ಇದೆಯೇ ಎಂದು ನೋಡುತ್ತಾರೆಯೇ?" ಇಲ್ಲ, ಸಿಗ್ನಲ್ ನೋಡುತ್ತಾರೆ. "ಸ್ಟೇಷನ್ ಮಾಸ್ಟರ್ ಅವರಿಗೆ ಪರಿಚಯವೇ?" ಇರಲೂಬಹುದು, ಇಲ್ಲದೆಯೂ ಇರಬಹುದು. ಎರಡು ಪ್ರಶ್ನೆ ಸಾಕು. ಇಲ್ಲೇ ಹೆಚ್ಚು ಹೊತ್ತು ನಿಂತರೆ ಪಾಠ ರೈಲಿನ ಕಡೆಗೆ ಹೊರಟುಹೋಗುತ್ತದೆ.

ಪಾಠದ ನಡುಭಾಗ ಹಳೇಬೀಡಿನದು. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ತಂಡವನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಐದಾರು ಅಡಿ ಗೋಡೆ ಕೊಡಿ. ಮುಟ್ಟದೆ, ಬರೀ ನೋಡಿ, ಎರಡು ಪಟ್ಟಿ ಮಾಡಲಿ: ಪಕ್ಕದ ಜೋಡಿಯ ಭಾಗದಲ್ಲೂ ಹಾಗೇ ಇರುವುದು ಯಾವುದು? ನಮ್ಮ ಭಾಗದಲ್ಲಿ ಮಾತ್ರ ಇರುವುದು ಯಾವುದು?

ಇಪ್ಪತ್ತು ನಿಮಿಷದಲ್ಲಿ ಉತ್ತರ ಅವರಿಗೇ ಸಿಗುತ್ತದೆ. ಗೋಡೆ ಎಷ್ಟು ಮೂಲೆ ತಿರುಗಿದರೂ ಪಟ್ಟಿಕೆಗಳ ಕ್ರಮ ತಪ್ಪುವುದಿಲ್ಲ, ಸಾಲು ಮುಂದುವರಿಯುತ್ತದೆ. ಸಾಲಿನೊಳಗಿನ ಆನೆಗಳಲ್ಲಿ ಮಾತ್ರ ಸೊಂಡಿಲು, ಹೆಜ್ಜೆ, ಮೇಲೆ ಕೂತವರ ಭಂಗಿ ಬದಲಾಗುತ್ತಾ ಹೋಗುತ್ತವೆ. ಸಾಲು ಎಲ್ಲರದು, ಆನೆ ಅವರವರದು. ನನ್ನ ಅಭಿಪ್ರಾಯದಲ್ಲಿ ತಂಡ ನಡೆಸುವವರು ಇಲ್ಲಿ ಕಲಿಯಬೇಕಾದ್ದು ಇಷ್ಟೇ. ನಮ್ಮ ನಾಯಕರು ಸಾಮಾನ್ಯವಾಗಿ ತಿರುವುಮುರುವು ಮಾಡುತ್ತಾರೆ: ಸಾಲಿನ ಎತ್ತರವನ್ನು ಯಾರಿಗೂ ಹೇಳಿರುವುದಿಲ್ಲ, ಆನೆಯ ಸೊಂಡಿಲನ್ನು ಮಾತ್ರ ತಿದ್ದಲು ಹೋಗುತ್ತಾರೆ.

ಬೇಲೂರು ಇಲ್ಲಿಂದ 16 ಕಿಲೋಮೀಟರ್. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ನೋಡಬೇಕಾದ್ದು ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಕೆತ್ತಿಕೊಂಡ ಹೆಸರುಗಳು. ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಈಗಿನ ಶಿವಮೊಗ್ಗ ಜಿಲ್ಲೆಯಿಂದ ಇಲ್ಲಿಗೆ ಬಂದು ಮದನಿಕೆಗಳನ್ನು ಕೆತ್ತಿದರು, ಅಂದರೆ ಪರಸ್ಥಳದಲ್ಲಿ ಕೆಲಸ ಮಾಡಿದವರು. ಕೆಲವು ಶಿಲ್ಪಿಗಳು ಹೆಸರಿನ ಜೊತೆ, ಬಿರುದು ಹೊತ್ತ ಬೇರೆ ಶಿಲ್ಪಿಗಳ ಸೊಕ್ಕು ಮುರಿಯುವವರು ತಾವು ಎಂಬ ಅರ್ಥದ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಇದನ್ನು ಪ್ರಶಿಕ್ಷಣಾರ್ಥಿಗಳಿಂದ ಮುಚ್ಚಿಡಬೇಡಿ. ಒಂದೇ ಗುಡಿ ಕಟ್ಟಿದವರೆಲ್ಲ ಅಣ್ಣತಮ್ಮಂದಿರಂತೆ ಇದ್ದರು ಎಂದು ಹೇಳಿಕೊಟ್ಟರೆ, ಜಗಳವಿರುವ ತಂಡದ ನಾಯಕಿ ತನ್ನ ತಂಡ ಕೆಟ್ಟಿತೆಂದೇ ತಿಳಿಯುತ್ತಾಳೆ. ಪೈಪೋಟಿ ಇದ್ದೂ ಕೆಲಸ ನಿಂತಿದೆ. ಯಾವ ಮದನಿಕೆ ಯಾರದೆಂದು ಗೊತ್ತಿರುವುದೂ ಅದಕ್ಕೆ ಒಂದು ಕಾರಣವಿರಬೇಕು.

ಅಲ್ಲೇ ಕಪ್ಪೆ ಚೆನ್ನಿಗರಾಯನ ಗುಡಿಯೂ ಇದೆ. ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗ ಡಂಕಣ ತೋರಿಸಿದ ಕಥೆಯನ್ನು ಮಕ್ಕಳೇ ಹೇಳುತ್ತಾರೆ, ಹೇಳಲಿ. ಇದು ಐತಿಹ್ಯ, ಹೆಸರು ಕೆತ್ತಿದ ಕಲ್ಲು ದಾಖಲೆ ಎಂಬ ವ್ಯತ್ಯಾಸವನ್ನು ಸಮಾಜ ವಿಜ್ಞಾನದವರು ಬಿಡಬಾರದು. ಕಥೆ ಒಬ್ಬ ಮಹಾಶಿಲ್ಪಿಯನ್ನು ನೆನೆಯುತ್ತದೆ, ಕಲ್ಲು ಹಲವರನ್ನು. ಆದರೂ ಕಥೆಯಲ್ಲಿ ನಮಗೆ ಬೇಕಾದ ಒಂದು ಅಂಶವಿದೆ: ಪರೀಕ್ಷೆ ಕಿರಿಯನಿಂದ ಹಿರಿಯನ ಕಡೆಗೂ ನಡೆಯುತ್ತದೆ. ನಂಬುವುದೆಂದರೆ ಪರಿಶೀಲಿಸದೆ ಬಿಡುವುದಲ್ಲ. ನಾಯಕರ ಕೆಲಸವನ್ನೂ ಮತ್ತೊಬ್ಬರು ನೋಡುವ ಏರ್ಪಾಡು ಇದ್ದರೆ, ನಾಯಕರು ತಮ್ಮದನ್ನು ನೋಡಿದಾಗ ಯಾರಿಗೂ ನೋವಾಗದು.

ಬಸ್ಸಿನ ಖರ್ಚಿಗೆ ಹಣವಿಲ್ಲದಿದ್ದರೆ ಅರಸೀಕೆರೆಯ ಶಿವಾಲಯದಲ್ಲೇ ಇದನ್ನು ಮಾಡಬಹುದು. ಸುಮಾರು 1220ರ ಆ ಗುಡಿಯ ತೆರೆದ ಮಂಟಪ 16 ಮೂಲೆಗಳ ನಕ್ಷತ್ರಾಕಾರದ್ದು. ಒಂದು ಮೂಲೆಯ ಅಳತೆ ತಪ್ಪಿದರೆ ಪಕ್ಕದ್ದು ಕೂಡುವುದಿಲ್ಲ.

ಹಿಂದಿರುಗಿದ ಸಂಜೆ ತಂಡ ತನ್ನ ಶಿಬಿರದ ಕೆಲಸಗಳಿಗೆ ಅದೇ ಎರಡು ಪಟ್ಟಿ ಬರೆಯಲಿ. ಊಟದ ಹೊತ್ತು, ಮಕ್ಕಳ ಸಂಖ್ಯೆ ಎಣಿಸುವ ಕ್ರಮ, ನೀರಿನ ಬಳಿ ಯಾರಿರಬೇಕು ಇವು ಸಾಲಿನ ಕಡೆಗೆ. ಮಕ್ಕಳ ಸುರಕ್ಷತೆಯ ಯಾವ ಅಂಶವೂ ಒಬ್ಬರ ಇಷ್ಟಕ್ಕೆ ಬಿಡುವಂಥದ್ದಲ್ಲ. ಎಣಿಸುವವರು ಇಬ್ಬರು, ಬೇರೆ ಬೇರೆಯಾಗಿ ಎಣಿಸಿ ಸಂಖ್ಯೆ ಹೋಲಿಸಬೇಕು. ಹಾಡು, ನಾಟಕ, ಗೋಡೆಬರಹದ ಅಕ್ಷರ, ಅಡುಗೆಯ ರುಚಿ ಆನೆಯ ಕಡೆಗೆ. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಎಲ್ಲರಿಗೂ ಕಾಣುವ ಹಾಗೆ.

ಮೌಲ್ಯಮಾಪನದ ಬಗ್ಗೆ ಮೇಲ್ವಿಚಾರಕರಿಗೊಂದು ಮಾತು. ಅಂಕವೆಲ್ಲ ನಾಯಕರ ವರದಿಗೇ ಹೋದರೆ ಈ ಪಾಠ ವ್ಯರ್ಥ. ಅವರು ಎಲ್ಲವನ್ನೂ ತಾವೇ ಮಾಡುವುದೇ ಜಾಣತನವಾಗುತ್ತದೆ. ವರದಿಯ ಪ್ರತಿ ಭಾಗಕ್ಕೂ ಅದನ್ನು ಮಾಡಿದವರ ಸಹಿ ಇರಲಿ. ನಾಯಕರಿಗೆ ಒಂದು ಪ್ರಶ್ನೆ ಪ್ರತ್ಯೇಕವಾಗಿ ಕೇಳಿ: ನೀವು ಬೇರೆ ರೀತಿ ಮಾಡುತ್ತಿದ್ದ, ಆದರೆ ತಿದ್ದದೆ ಬಿಟ್ಟ ಕೆಲಸ ಯಾವುದು, ಅದು ಹೇಗಾಯಿತು?