ಬಿಸಿಲಿಗೆ ಉಳ್ಳಾಗಡ್ಡಿ ಇರಲಿ, ಮಾತ್ರೆ ಬೇಡ

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸುತ್ತಿನ ಹೊಲಗಳಲ್ಲಿ ಬೇಸಿಗೆಯ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಇದ್ದೇ ಇರುತ್ತದೆ. ಅದನ್ನು ತಿಂದರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆಯಿಂದ ಕೆಲವರು ಕಿಸೆಯಲ್ಲೂ ಇಟ್ಟುಕೊಳ್ಳುತ್ತಾರೆ. ಕಿಸೆಯಲ್ಲಿದ್ದದ್ದರಿಂದ ಮೈಗೆ ಏನೂ ಆಗದು. ಹೊಟ್ಟೆಗೆ ಹೋದದ್ದರ ಮಾತು ಬೇರೆ.

ಉಳ್ಳಾಗಡ್ಡಿಯ ಹೊರಪದರಗಳಲ್ಲಿ, ಅದರಲ್ಲೂ ಕೆಂಪು ತಳಿಗಳಲ್ಲಿ, ಕ್ವೆರ್ಸಿಟಿನ್ ಎಂಬ ಉತ್ಕರ್ಷಣ ನಿರೋಧಕ ಹೆಚ್ಚು. ಈಗ ಅದನ್ನೇ ಶಕ್ತಿಯ ಮಾತ್ರೆಯಾಗಿ ಮಾರುತ್ತಾರೆ. ಬಿಸಿಲಲ್ಲಿ ದುಡಿಯುವವರು ಇದನ್ನು ಕೊಳ್ಳುವ ಮುನ್ನ ಒಂದು ಸಂಗತಿ ತಿಳಿದಿರಬೇಕು.

ಬಿಸಿಲಲ್ಲಿ ದುಡಿಯುವಾಗ ರಕ್ತ ಚರ್ಮದ ಕಡೆ ಹರಿದು ಕರುಳಿಗೆ ಕಡಿಮೆಯಾಗುತ್ತದೆ. ಕರುಳಿನ ಒಳಪದರ ಸಡಿಲಾಗಿ, ಅಲ್ಲಿನ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಇಳಿಯುತ್ತದೆ. ಬಿಸಿಲಾಘಾತ ಉಲ್ಬಣಿಸಲು ಇದೂ ಒಂದು ಕಾರಣ. ಆದರೆ ದಿನವೂ ಸ್ವಲ್ಪ ಸ್ವಲ್ಪ ಬಿಸಿಲುಂಡ ದೇಹ ಹೀಟ್ ಶಾಕ್ ಪ್ರೋಟೀನುಗಳನ್ನು ಹೆಚ್ಚಿಸಿಕೊಂಡು ಜೀವಕೋಶಗಳನ್ನು ಕಾಯುತ್ತದೆ. ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಮೈ ಪಳಗುವುದೆಂದರೆ ಇದೇ. ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2,000 ಮಿ.ಗ್ರಾಂ ಕ್ವೆರ್ಸಿಟಿನ್ ಕೊಟ್ಟಾಗ ಈ ಪಳಗುವಿಕೆಯೇ ಕುಂಠಿತವಾಯಿತು. ಅಧ್ಯಯನ ಸಣ್ಣದು, ಆದರೂ ಕಡೆಗಣಿಸುವಂಥದ್ದಲ್ಲ.

ಉಳ್ಳಾಗಡ್ಡಿಗೆ ಹೆದರಬೇಕಿಲ್ಲ. 100 ಗ್ರಾಂನಲ್ಲಿ ಸಾಮಾನ್ಯವಾಗಿ 20ರಿಂದ 40 ಮಿ.ಗ್ರಾಂ ಕ್ವೆರ್ಸಿಟಿನ್ ಇರುತ್ತದೆ. ಅಧ್ಯಯನದಲ್ಲಿ ಕೊಟ್ಟಷ್ಟು ಡೋಸು ಬರಲು ದಿನಕ್ಕೆ ಐದು ಕಿಲೋ ಆದರೂ ತಿನ್ನಬೇಕು!

ಮೈ ಪಳಗಲು ಒಂದೆರಡು ವಾರ ಬೇಕು. ಬೆಂಗಳೂರಿಗೆ ದುಡಿಯಲು ಹೋಗಿ ಬಂದವರು, ಜ್ವರದಿಂದ ಎದ್ದವರು ಮೊದಲ ದಿನ ವಾಡಿಕೆಯ ಕೆಲಸದ ಐದನೇ ಒಂದು ಪಾಲು ಮಾತ್ರ ಮಾಡಿ, ದಿನದಿನಕ್ಕೆ ಅಷ್ಟಷ್ಟೇ ಏರಿಸಲಿ. ರಾತ್ರಿ ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ದುಡಿದು ಬೆಳಿಗ್ಗೆ ಹೊಲಕ್ಕಿಳಿಯುವವರಿಗೆ ಮೈ ತಣಿಯಲು ಬಿಡುವೇ ಸಿಗುವುದಿಲ್ಲ. ಅವರು ಮೊದಲು ನಿದ್ದೆ ಮಾಡಬೇಕು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್-ಮೇಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಾಗ, ಹರಗುವ ಕೆಲಸವನ್ನು ಹನ್ನೊಂದರೊಳಗೆ ಮುಗಿಸುವುದರಲ್ಲಿ ಸಂಕೋಚವೇನು? ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಬೆವರು ನಿಂತ ಮೇಲೆಯೇ ಅಪಾಯ ಎಂದು ಕಾಯಬೇಡಿ. ದುಡಿಯುವಾಗ ಬಿಸಿಲು ಬಡಿದವರು ಬೆವರುತ್ತಲೇ ಇರಬಹುದು. ಮಾತು ತೊದಲಿದರೆ, ದಿಕ್ಕು ತಪ್ಪಿದವರಂತೆ ಆಡಿದರೆ ನೆರಳಿಗೆ ಒಯ್ದು ಮೈತುಂಬ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.