ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಹುಳು ತೋರಿಸುವಾಗ

ಗೋವಿನಜೋಳದ ಸುಳಿಗೆ ಹುಳು ಬಿದ್ದಿತ್ತು. ಅಂದಾಜಿನ ಮೇಲೆ ಹೊಡೆದ ಔಷಧಿ ದಂಡವಾಯಿತು. ಎರಡು ಗಿಡ ಕಿತ್ತು ಶಹಾಪುರದ ಮಗಳ ಮನೆಗೆ ಹೋದೆ, ಲ್ಯಾಪ್‌ಟಾಪಿನಲ್ಲಿ ಕೃಷಿ ತಜ್ಞರಿಗೆ ತೋರಿಸೋಣ ಅಂತ. ಪರದೆ ಬರೀ ಕಪ್ಪು! ಅರ್ಧ ತಾಸು ಒದ್ದಾಡಿದ ಮೇಲೆ ನೋಡಿದರೆ, ಕ್ಯಾಮೆರಾದ ಕಣ್ಣಿಗೆ ಸಣ್ಣ ಮುಚ್ಚಳ ಸರಿದಿತ್ತು. ಮೊದಲು ಅದನ್ನೇ ನೋಡ್ರಿ. ಆಮೇಲೆ ಸೆಟಿಂಗ್ಸ್‌ನಲ್ಲಿ ಅನುಮತಿ ಐತೋ, ಬೇರೆ ಆ್ಯಪ್ ಕ್ಯಾಮೆರಾ ಹಿಡಿದುಕೊಂಡಿದೆಯೋ ನೋಡಬೇಕು.

ಚಿತ್ರ ಬಂತು, ಆದರೆ ಹತ್ತಿರ ಹಿಡಿದಷ್ಟೂ ಮಸುಕು. ಈ ಕ್ಯಾಮೆರಾ ಹೆಚ್ಚಾಗಿ ಎದುರು ಕೂತವರ ಮುಖಕ್ಕೆ ಹೊಂದಿಸಿದ್ದು. ಮೊಳ ದೂರ ಹಿಡಿದು, ಕಿಟಕಿಯ ಬೆಳಕು ಎಲೆಗೆ ಬೀಳುವಂತೆ ತಿರುಗಿದಾಗ ತೂತುಗಳು ಕಂಡವು. 2018ರಿಂದ ನಮ್ಮ ರಾಜ್ಯದಲ್ಲಿ ಕಾಡುವ ಫಾಲ್ ಸೈನಿಕ ಹುಳುವಿನ ಗುರುತು ಮಾತ್ರ ಕಾಣಲಿಲ್ಲ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ, ಬಾಲದ ಹತ್ತಿರ ಚೌಕದಂತೆ ನಾಲ್ಕು ಚುಕ್ಕೆ. ಅದನ್ನು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದು ಕಳಿಸಿದೆ. ಅದೇ ಹುಳು ಅಂದರು. ಔಷಧಿ ಸುಳಿಯೊಳಗೇ ಬೀಳಬೇಕಂತೆ.