ಆತಂಕ: ವೈದ್ಯರಿಗೆ ತೋರಿಸುವುದು ಯಾವಾಗ?

ಗಲ್ಫ್‌ನಲ್ಲಿರುವ ಮಗ ರಾತ್ರಿ ಫೋನ್ ಮಾಡಲಿಲ್ಲ. ನಿಮಗೆ ನಿದ್ದೆಯಿಲ್ಲ, ಎದೆ ಡವಡವ ಎನ್ನುತ್ತದೆ. ಬೆಳಿಗ್ಗೆ ಅವನ ದನಿ ಕೇಳಿದೊಡನೆ ಮನಸ್ಸು ಹಗುರ. ಇದು ಕಾಯಿಲೆಯಲ್ಲ, ತಾಯಿಯ ಕರುಳು.

ಫೋನ್ ಬಂದ ಮೇಲೂ ತಳಮಳ ನಿಲ್ಲದಿದ್ದರೆ? ಮಗನ ಚಿಂತೆ ಮುಗಿದರೆ ಮಗಳ ಪರೀಕ್ಷೆ, ಅದು ಮುಗಿದರೆ ಗ್ಯಾಸ್ ಸೋರುತ್ತಿದೆಯೇನೋ ಎಂಬ ಭಯ. ಹೀಗೆ ಹೆಚ್ಚಿನ ದಿನಗಳು ಕಳೆಯುತ್ತಾ 6 ತಿಂಗಳಾಗಿದ್ದು, ಜೊತೆಗೆ ನಿದ್ದೆಗೇಡು, ಸುಸ್ತು, ಸಿಡುಕು, ಕತ್ತು-ಭುಜಗಳ ಬಿಗಿತವೂ ಇದ್ದರೆ ವೈದ್ಯರು ಅದನ್ನು ಆತಂಕದ ಕಾಯಿಲೆ ಎನ್ನುತ್ತಾರೆ. ಆದರೆ 6 ತಿಂಗಳು ವೈದ್ಯರ ಅಳತೆ, ನೀವು ಕಾಯಬೇಕಾದ ಅವಧಿಯಲ್ಲ. ಅಡುಗೆಗೆ ಕೈಯೋಡದೆ, ಅಂಗಡಿಗೆ ಹೋಗಲಾಗದೆ, ನೆಂಟರ ಮದುವೆಯನ್ನೂ ತಪ್ಪಿಸಿಕೊಳ್ಳುವಂತಾದರೆ ಬೇಗನೆ ತೋರಿಸಿ.

ಕೆಲವರಿಗೆ ಇದ್ದಕ್ಕಿದ್ದಂತೆ ಎದೆ ಬಿಗಿದು, ಬೆವರಿ, ಈಗಲೇ ಸತ್ತುಹೋಗುತ್ತೇನೆ ಎನಿಸುತ್ತದೆ. ಎದೆನೋವನ್ನು ನೀವೇ ಆತಂಕವೆಂದು ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ. ಇಸಿಜಿ ಸರಿಯಿದ್ದರೆ ಮನೆಯವರು "ನಿನಗೇನೂ ಇಲ್ಲ" ಎಂದುಬಿಡುತ್ತಾರೆ. ಇಸಿಜಿಯಲ್ಲಿ ಏನೂ ಕಂಡಿಲ್ಲವಷ್ಟೇ. ಆಕೆಯ ಸಂಕಟ ನಟನೆಯಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆಬಡಿತ, ನಡುಕ ಬರುವುದುಂಟು. ಅದಕ್ಕೆ ರಕ್ತಪರೀಕ್ಷೆ ಬೇಕು.

ನಮ್ಮ ಮನೆಗಳಲ್ಲಿ ಭಕ್ತಿಯ ಮರೆಯಲ್ಲಿ ಅಡಗುವ ತೊಂದರೆಯೂ ಒಂದಿದೆ. ವುಝೂ ಕೆಲವೇ ನಿಮಿಷಗಳ ಕೆಲಸ. ಹುಡುಗನೊಬ್ಬ ಅರ್ಧ ಗಂಟೆ ನಲ್ಲಿಯ ಮುಂದೆಯೇ ಇರುತ್ತಾನೆ. ಮೊಣಕೈ ಒದ್ದೆಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತೊಳೆಯುತ್ತಾನೆ, ಜಮಾಅತ್ ತಪ್ಪುತ್ತದೆ. ಮನೆಯವರು ಮೊದಲು ಮೆಚ್ಚುತ್ತಾರೆ, ಆಮೇಲೆ ವಸ್‌ವಾಸ್ ಎಂದು ಗದರುತ್ತಾರೆ. ಮೂರು ಸಲಕ್ಕಿಂತ ಹೆಚ್ಚು ತೊಳೆಯಬಾರದೆಂಬ ಪ್ರವಾದಿಯವರ(ಸ) ಶಿಕ್ಷಣ ಅವನಿಗೂ ಗೊತ್ತು. ಗೊತ್ತಿದ್ದೂ ನಿಲ್ಲಿಸಲಾಗದಿರುವುದೇ ಕಾಯಿಲೆ. ಇಂಥದ್ದಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ ಗೀಳು ಕಾಯಿಲೆಯೇ ಎಂದು ಮನೋವೈದ್ಯರಲ್ಲಿ ವಿಚಾರಿಸಿ. ಗದರಿಸಿದರೆ ಅದು ಹೆಚ್ಚುತ್ತದೆ.

"ಈಮಾನ್ ಗಟ್ಟಿಯಿದ್ದರೆ ಇದೆಲ್ಲ ಬರುತ್ತಿತ್ತೇ?" ಎನ್ನುವವರಿದ್ದಾರೆ. ಅವರು ಸಕ್ಕರೆ ಕಾಯಿಲೆಯವರಿಗೆ ಹೀಗೆ ಕೇಳುವುದಿಲ್ಲ! ಸಾವಿರ ವರ್ಷಗಳ ಹಿಂದೆಯೇ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖೀ ದೇಹದಂತೆ ಮನಸ್ಸೂ ಕಾಯಿಲೆ ಬೀಳುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಗ್ರಂಥ ಬರೆದಿದ್ದರು. ದುಆ ಬಿಡಬೇಕಿಲ್ಲ, ಚಿಕಿತ್ಸೆಯನ್ನೂ ಬಿಡಬೇಡಿ.

ಮೊದಲು ಮನೆಯ ವೈದ್ಯರಿಗೆ ಹೇಳಿ, ಇಲ್ಲವೇ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗಲು ಸಂಕೋಚವಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕೆನಿಸುತ್ತಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೆಲವರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರಗಳು ಬೇಕು. ಎಂಟೇ ದಿನಕ್ಕೆ ಬಿಡಬೇಡಿ, ನೆರೆಮನೆಯವರ ನಿದ್ದೆ ಮಾತ್ರೆಯನ್ನೂ ನುಂಗಬೇಡಿ. ರಮಝಾನ್ ಬಂತೆಂದು ನೀವಾಗಿಯೇ ನಿಲ್ಲಿಸುವುದೂ ಬೇಡ. ಹಲವು ಮಾತ್ರೆಗಳನ್ನು ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಹೊಂದಿಸಲು ಬರುತ್ತದೆ. ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ.